ಮೂರೂ ಡಿಸ್ಕ್ ಒಟ್ಟಿಗೆ, ಇಲ್ಲಾಂದ್ರ ಇಲ್ಲ

ನಮ್ಮ ಕೆಲಸದಲ್ಲಿ ನಗುವಂಥ ಪ್ರಸಂಗಗಳಿಗೆ ಬರ ಅನ್ನೋದೇ ಇಲ್ಲ. ತೊಂದರೆ ಇಷ್ಟೇ, ನಡೆಯುವಾಗ ಅದು ಜಗಳವಾಗಿರುತ್ತೆ. ನಗು ಬರೋದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ.

ನಾನು ಹೊಸಪೇಟೆಯವಳು. ಸುತ್ತಮುತ್ತಲಿನ ಕಾರ್ಖಾನೆ, ಮಿಲ್ಲು, ಲಾಡ್ಜುಗಳ ಸರ್ವರ್ ನೋಡಿಕೊಳ್ಳೋದು ನನ್ನ ಉದ್ಯೋಗ. ಬಹಳ ಕಡೆ ಇರೋದು ಒಂದೇ ದೊಡ್ಡ ಕಂಪ್ಯೂಟರು. ಅದರ ಹೊಟ್ಟೆಯೊಳಗೆ ನಾಲ್ಕಾರು ಕಂಪ್ಯೂಟರುಗಳು ಬೇರೆ ಬೇರೆ ಸಂಸಾರ ಹೂಡಿಕೊಂಡು ಕೂತಿರುತ್ತವೆ. ಅವಕ್ಕೆ ವರ್ಚುವಲ್ ಮಷೀನ್ ಅಂತ ಹೆಸರು. ಒಂದೊಂದು ಸಂಸಾರಕ್ಕೂ ಎರಡು ಮೂರು ಡಿಸ್ಕು: ಒಂದರಲ್ಲಿ ಸಾಫ್ಟ್‌ವೇರು, ಇನ್ನೊಂದರಲ್ಲಿ ಲೆಕ್ಕಪತ್ರ, ಮತ್ತೊಂದರಲ್ಲಿ ಆಫೀಸಿನ ಫೈಲುಗಳು. ಏನಾದರೂ ದೊಡ್ಡ ಬದಲಾವಣೆ ಮಾಡುವ ಮುಂಚೆ "ಈ ಕ್ಷಣಕ್ಕೆ ಎಲ್ಲಾ ಹೀಗಿತ್ತು" ಅಂತ ಒಂದು ಗುರುತು ಹಾಕಿಡುತ್ತೇವೆ. ಅದೇ ಸ್ನ್ಯಾಪ್‌ಶಾಟ್. ಕೆಟ್ಟರೆ ಆ ಗುರುತಿಗೆ ವಾಪಸ್ ಬರಬಹುದು. ಆದರೆ ಗುರುತು ಹಾಕಿದರೆ ಎಲ್ಲ ಡಿಸ್ಕಿಗೂ ಒಂದೇ ಕ್ಷಣಕ್ಕೆ ಹಾಕಬೇಕು, ವಾಪಸ್ ಬಂದರೂ ಎಲ್ಲವೂ ಜೊತೆಗೇ ಬರಬೇಕು. ನನ್ನ ಬದುಕಿನ ಅರ್ಧ ಜಗಳ ಈ "ಎಲ್ಲ" ಅನ್ನೋ ಪದಕ್ಕೇ ಆಗಿದ್ದು. ಒಂದರಲ್ಲೂ ನಾನು ಹಿಂದೆ ಸರಿದಿಲ್ಲ.

೧. ಸಂಡೂರಿನ ಬಿಳಿ ಅಂಗಿಗಳು

ಸಂಡೂರಿನಲ್ಲಿ ಅದಿರು ಸಾಗಿಸುವ ಲಾರಿಗಳ ಆಫೀಸೊಂದಿದೆ. ಅಲ್ಲಿ ಯಾರೂ ಸರ್ವರ್ ಬಿಟ್ಟು ಹೊರಗೆ ಬರುವವರಲ್ಲ. "ಐದು ನಿಮಿಷ ಕೆಲಸ ನಿಲ್ಲಿಸ್ರಿ" ಅಂದರೆ "ಲಾರಿ ತೂಕದ ಮ್ಯಾಲ ನಿಂತೈತಿ ಮೇಡಂ, ನಿಮ್ಮ ಐದು ನಿಮಿಷಕ್ಕ ಡ್ರೈವರ್ ನನ್ನ ತಲಿ ತಿಂತಾನ" ಅನ್ನುತ್ತಿದ್ದರು. ಈ ಸಲ ಬಿಡಬಾರದು ಅಂತ ಹಿಂದಿನ ದಿನವೇ ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಖಡಕ್ಕಾಗಿ ಬರೆದು ಹಾಕಿದೆ: "ನಾಳೆ ಮುಂಜಾನೆ ಸರ್ವರ್ ಸ್ನ್ಯಾಪ್‌ಶಾಟ್ ಇದೆ. ಎಲ್ಲರೂ ಕೆಲಸ ನಿಲ್ಲಿಸಿ ಸಹಕರಿಸಬೇಕು. ನೆಪ ಹೇಳಬಾರದು."

ಮುಂಜಾನೆ ಹೋದೆ. ಬಾಗಿಲಲ್ಲೇ ದಂಗಾಗಿ ನಿಂತೆ. ಸಂಡೂರಿನ ಅದಿರಿನ ಧೂಳಿನಲ್ಲಿ ಬಿಳಿ ಅಂಗಿ ಹಾಕಿಕೊಂಡರೆ ಮಧ್ಯಾಹ್ನಕ್ಕೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಅದಕ್ಕೇ ಅಲ್ಲಿ ಬಿಳಿ ಹಾಕುವವರಿಲ್ಲ. ಅವತ್ತು ಆಫೀಸಿಗೆ ಆಫೀಸೇ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿತ್ತು. ಲೆಕ್ಕ ಬರೆಯುವ ಅಕ್ಕ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದರು. ಸರ್ವರ್ ಪೆಟ್ಟಿಗೆಗೂ ಒಂದು ಚೆಂಡುಹೂವಿನ ಮಾಲೆ ಬಿದ್ದಿತ್ತು. ಮ್ಯಾನೇಜರು ಕೋಟು ಹಾಕಿಕೊಂಡು ಅದರ ಪಕ್ಕ ಒಂದು ಕೈ ಇಟ್ಟು ನಿಂತಿದ್ದರು.

"ಏನ್ ಸರ್ ಇದು?"

"ನೀವೇ ಹೇಳಿದ್ರಲ್ರೀ, ಸ್ನ್ಯಾಪ್ ತಗೀತೀವಿ ಅಂತ. ಜಲ್ದಿ ತಗೀರಿ, ಲಾರಿ ಬಂದ್ರ ಧೂಳು ಕೂಡ್ತೈತಿ."

"ಸರ್, ಅದು ಫೋಟೋ ಅಲ್ರೀ. ಕಂಪ್ಯೂಟರಿನ ಒಳಗಿಂದು."

"ಒಳಗಿಂದು ಆಮ್ಯಾಲ ತಗೀರಿ, ಯಾರ್ ಬ್ಯಾಡಂದ್ರು? ಮೊದಲು ಹೊರಗಿಂದು ಆಗ್ಲಿ. ಇಸ್ತ್ರಿಗೆ ಕೊಟ್ಟು ತರ್ಸೀವಿ."

ನಾನು ಕೈ ಕಟ್ಟಿ ನಿಂತೆ. "ಎಲ್ಲರೂ ಲಾಗ್‌ಔಟ್ ಆಗೋತನಾ ನಾ ಒಂದು ಫೋಟೋನೂ ತಗ್ಯಂಗಿಲ್ಲ."

ಆ ಆಫೀಸು ಹುಟ್ಟಿದಾಗಿನಿಂದ ಆಗದ್ದು ಅವತ್ತು ಆಯಿತು. ಊಟಕ್ಕೂ ಕುರ್ಚಿ ಬಿಡದ ಅಕ್ಕ ಮುಂದಿನ ಸಾಲಿನಲ್ಲಿ ಜಾಗ ಸಿಗಲಿ ಅಂತ ಎಲ್ಲರಿಗಿಂತ ಮೊದಲು ಲಾಗ್‌ಔಟ್ ಆದರು. ಕಣ್ಣು ಮಿಟುಕಿಸುವುದರಲ್ಲಿ ಸರ್ವರ್ ಖಾಲಿ. ನಾನು ನನ್ನ ಸ್ನ್ಯಾಪ್‌ಶಾಟ್ ಮುಗಿಸಿದೆ, ಎಲ್ಲ ಡಿಸ್ಕಿಂದೂ. ಆಮೇಲೆ ಕೊಟ್ಟ ಮಾತಿನಂತೆ ಫೋನ್ ಕಿಟಕಿಗೆ ಆನಿಸಿ, ಟೈಮರ್ ಇಟ್ಟು, ನಾನೂ ಓಡಿ ಬಂದು ಅವರ ಜೊತೆ ನಿಂತೆ.

ಫೋಟೋ ನೋಡಿದ ಮ್ಯಾನೇಜರ ಮುಖ ಬಾಡಿತು.

"ಮೇಡಂ, ಎಲ್ಲಾರೂ ಮಸ್ತ್ ಬಂದಾರ, ನೀವೊಬ್ರ ಕಣ್ಣು ಮುಚ್ಚೀರಿ. ಏನೂ ಚಿಂತಿಲ್ಲ, ನಿಮ್ಮ ಕೈಯಾಗ ಐತಲ್ಲ, ಸ್ವಲ್ಪ ಹಿಂದಕ್ಕ ಹೋಗಿ ಕಣ್ಣು ತಗೀರಿ."

೨. ವರಾಂಡದ ಚೀಲ

ಕಂಪ್ಲಿಯ ಅಕ್ಕಿ ಮಿಲ್ಲಿನ ಮಾಲೀಕರು ದೈವಭಕ್ತರು. ಸ್ನ್ಯಾಪ್‌ಶಾಟ್ ಅಂದರೆ ಕಂಪ್ಯೂಟರಿಗೆ ದೃಷ್ಟಿ ತೆಗೆದಂತೆ ಅಂತ ಅವರಿಗೆ ಯಾರು ಹೇಳಿದರೋ, ನನಗೆ ಹೇಳದೆ ಗುಮಾಸ್ತನ ಕೈಲಿ ಅಮಾವಾಸ್ಯೆಗೊಂದು ಸ್ನ್ಯಾಪ್‌ಶಾಟ್ ತೆಗೆಸೋದು ಶುರು ಮಾಡಿದ್ದರು. ಒಂದನ್ನೂ ಅಳಿಸಿರಲಿಲ್ಲ. ಭತ್ತದ ಸುಗ್ಗಿಯಲ್ಲಿ, ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆತನಕ ಸಾಲು ನಿಂತಿದ್ದಾಗ, ಕಂಪ್ಯೂಟರು "ನನ್ನ ಕೈಲಾಗಲ್ಲ, ಜಾಗ ಇಲ್ಲ" ಅಂತ ಕೂತುಬಿಟ್ಟಿತು. ತೂಕವೂ ಇಲ್ಲ, ರಸೀದಿಯೂ ಇಲ್ಲ. ಗೇಟಿನಲ್ಲಿ ರೈತರ ಕೂಗಾಟ.

ನಾನು ಹೋಗಿ ನೋಡಿದೆ. "ಅಣ್ಣಾರ, ಹಳೇ ಸ್ನ್ಯಾಪ್‌ಶಾಟ್ ಎಲ್ಲಾ ಡಿಲೀಟ್ ಮಾಡಬೇಕು."

ಮಾಲೀಕರು ಕೀಬೋರ್ಡಿನ ಮೇಲೆ ಎರಡೂ ಕೈ ಇಟ್ಟು ಮುಚ್ಚಿಕೊಂಡರು. "ಡಿಲೀಟಾ? ನನ್ನ ಮಿಲ್ಲಿನ ಲೆಕ್ಕ ಅಳಸಾಕ ಬಂದೀಯೇನವಾ?"

"ಲೆಕ್ಕ ಹೋಗಂಗಿಲ್ರೀ."

"ಡಿಲೀಟ್ ಅಂತಿ, ಹೋಗಂಗಿಲ್ಲ ಅಂತಿ. ನನಗೇನು ಹುಚ್ಚು ಹಿಡದೈತಾ?"

ಅವರು ಕೈ ತೆಗೆಯಲಿಲ್ಲ. ನಾನೂ ಏಳಲಿಲ್ಲ. "ನೀವು ಕೈ ತಗ್ಯೋತನಾ ನಾ ಇಲ್ಲೇ ಕುಂದ್ರತೀನಿ. ಗೇಟಿನಾಗ ಕೂಗೋರಿಗೆ ನೀವೇ ಉತ್ರ ಹೇಳ್ರಿ" ಅಂದೆ. ಅಷ್ಟರಲ್ಲಿ ಅವರ ಹೆಂಡತಿ ಒಳಗೆ ಬಂದರು. ಹೆಸರಿಗೆ ಮಿಲ್ಲು ಅವರ ಯಜಮಾನರದು, ನಡೆಸೋದು ಆ ಅಮ್ಮ.

"ಅವರಿಗೆ ಬ್ಯಾಡ, ನನಗೆ ಹೇಳವಾ," ಅಂದರು.

ನಾನು ಹೇಳಿದೆ: "ಅಮ್ಮಾರ, ಸ್ನ್ಯಾಪ್‌ಶಾಟ್ ತಗದ್ರ ಗೋದಾಮಿಗೆ ಬೀಗ ಹಾಕಿದಂಗ. ಅವತ್ತಿಂದ ಬಂದ ಹೊಸ ಚೀಲ ಎಲ್ಲಾ ವರಾಂಡದಾಗ ಬೀಳ್ತಾವ. ಮತ್ತೊಂದು ಸ್ನ್ಯಾಪ್‌ಶಾಟ್ ತಗದ್ರ ಆ ವರಾಂಡಕ್ಕೂ ಬೀಗ, ಚೀಲ ಅಂಗಳದಾಗ. ಈಗ ಅಂಗಳ ತುಂಬಿ ರಸ್ತೆಗೆ ಬಂದಾವ. ಡಿಲೀಟ್ ಒತ್ತಿದ್ರ ಬೀಗ ತಗದು ಚೀಲ ಎಲ್ಲಾ ಒಳಗ ಜೋಡ್ಸಿದಂಗ. ಬಿಸಾಕೋದು ಬೀಗನಾ ಹೊರತು ಚೀಲ ಅಲ್ಲ."

ಅಮ್ಮ ಗಂಡನ ಕಡೆ ತಿರುಗಿದರು. "ಕೈ ತಗೀರಿ."

ಅವರು ತೆಗೆದರು. ಚೀಲಗಳೆಲ್ಲ ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಮಾಲೀಕರು ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಕಂಪ್ಯೂಟರ್ ಎದ್ದು ಕೂತಿತು. ಒಂದು ಕಾಳೂ ಹೋಗಿರಲಿಲ್ಲ. ಮಾಲೀಕರಿಗೆ ಎಷ್ಟು ಖುಷಿಯಾಯಿತೆಂದರೆ ಬಂದ ರೈತರಿಗೆಲ್ಲ "ಡಿಲೀಟ್ ಅಂದ್ರ ಏನಂತ ತಿಳದೀರಿ? ಒಳಗ ಜೋಡ್ಸೋದು!" ಅಂತ ಪಾಠ ಹೇಳುತ್ತಿದ್ದರು.

ಮರುದಿನ ಅವರದೇ ಫೋನು.

"ಯವ್ವಾ, ನನ್ನ ಮೊಬೈಲಿನಾಗ ಮಗಳ ಮದುವಿ ಫೋಟೋ ಇದ್ವು. ಭಾಳ ಹರವಿ ಬಿದ್ದಿದ್ವು ಅಂತ ಎಲ್ಲಾ ಡಿಲೀಟ್ ಹೊಡದೆ. ಈಗ ಒಳಗಿನ ಗೋದಾಮು ಎಲ್ಲೈತಿ ಸ್ವಲ್ಪ ತೋರ್ಸವಾ."

೩. ಮೊದಲಿನಂಗ

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಮ್ಮ ಮನೆ ಟಿ.ಬಿ. ಡ್ಯಾಂ ರಸ್ತೆಯಲ್ಲಿ. ಹುಡುಗ, ಅವನ ತಂದೆ, ಅವನ ಅಜ್ಜಿ. ಬುದ್ಧನ ಫೋಟೋದ ಕೆಳಗೆ ಸಾಲಾಗಿ ಕೂತಿದ್ದರು. ಅಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟರು. ಹುಡುಗ ಒಳ್ಳೆಯವನೇ. ಮಿರ್ಚಿ ತುದಿ ಮುರಿಯುತ್ತಾ ಹೇಳಿದ:

"ಮದುವಿ ಆದ ಮ್ಯಾಲ ಕೆಲಸ ಬಿಟ್ಟು ನೋಡ್ರಿ. ಮನಿ ಒಗ್ಗಲಿಲ್ಲ ಅಂದ್ರ ಮತ್ತ ಸೇರ್ಕೋಬೌದು. ಮೊದಲಿನಂಗ."

ಅಮ್ಮ ಬಾಗಿಲ ಹಿಂದಿನಿಂದ ನನಗೆ ಕಣ್ಣು ಬಿಟ್ಟರು. ಸುಮ್ಮನಿರು ಅಂತ. ನನಗೆ ಈ "ಮೊದಲಿನಂಗ" ಅನ್ನೋದನ್ನು ಕೇಳಿದರೆ ಮೈಯುರಿಯುತ್ತೆ.

"ಮೊದಲಿನಂಗ ಆಗಬೇಕಂದ್ರ ಎಲ್ಲಾ ಡಿಸ್ಕೂ ಒಟ್ಟಿಗೆ ವಾಪಸ್ ಬರಬೇಕ್ರೀ," ಅಂದೆ. "ಕೆಲಸ ಒಂದ ಬಂದ್ರ ಸಾಲದು. ನನ್ನ ಗಿರಾಕಿಗಳು ಬರಬೇಕು, ಹೋದ ವಯಸ್ಸು ಬರಬೇಕು, ಅಲ್ಲಿತನಾ ನಿಮ್ಮ ಮನ್ಯಾಗ ನಾ ತಿಕ್ಕಿದ ಪಾತ್ರಿ ಎಲ್ಲಾ ಮತ್ತ ಮುಸುರಿ ಆಗಬೇಕು. ಅದು ಆಗ್ತೈತೇನು?"

ಹುಡುಗನ ಕೈಯಲ್ಲಿದ್ದ ಮಿರ್ಚಿ ತಟ್ಟೆಗೆ ಬಿತ್ತು. ಅವನ ತಂದೆ ಗಂಟಲು ಸರಿಮಾಡಿಕೊಂಡರು. ಸಂಬಂಧ ಅಲ್ಲಿಗೆ ಮುಗಿಯಿತು ಅಂತ ಎಲ್ಲರಿಗೂ ಗೊತ್ತಾಯಿತು. ಅಷ್ಟು ಹೊತ್ತು ಮಂಡಕ್ಕಿ ಮೆಲ್ಲುತ್ತಾ ಕೂತಿದ್ದ ಅಜ್ಜಿ ಮಾತ್ರ ನಿಧಾನಕ್ಕೆ ನನ್ನ ಪಕ್ಕಕ್ಕೆ ಸರಿದು ಬಂದರು. ಕಿವಿಯ ಹತ್ತಿರ ಬಾಯಿ ತಂದರು.

"ತಂಗೀ, ಇವರನ್ನ ಬಿಡು. ನನ್ನ ಮದುವಿ ಆಗಿ ಭಾಳ ವರ್ಷ ಆತು. ನಂದು ಸ್ವಲ್ಪ ವಾಪಸ್ ತರಾಕ ಬರ್ತೈತಾ ನೋಡು."

೪. ನೀವು ಬಂದೇ ಇಲ್ಲ

ಹಂಪಿಯಲ್ಲಿ ಬಾಳೆತೋಟದ ಅಂಚಿಗೊಂದು ಗೆಸ್ಟ್‌ಹೌಸು. ಅಲ್ಲಿಯ ಮಾಲೀಕನ ಬಾಮೈದನಿಗೆ ಕಂಪ್ಯೂಟರ್ ಬರುತ್ತೆ ಅಂತ ಮನೆಯವರೆಲ್ಲರ ನಂಬಿಕೆ. ಒಂದು ದಿನ ಬುಕಿಂಗ್ ಸಾಫ್ಟ್‌ವೇರು ಮುಷ್ಕರ ಹೂಡಿತು. ನನ್ನನ್ನು ಕರೆಯುವುದು ಬಿಟ್ಟು ಅವನೇ ಕೈ ಹಾಕಿದ. ಹಳೆಯ ಸ್ನ್ಯಾಪ್‌ಶಾಟಿಗೆ ವಾಪಸ್ ಹೋದ. ಆದರೆ ಯಾವ ರೂಮಿನಲ್ಲಿ ಯಾರಿದ್ದಾರೆ ಅನ್ನೋ ಪಟ್ಟಿ ಇದ್ದ ಡಿಸ್ಕನ್ನು ಮಾತ್ರ. ಬಿಲ್ಲುಗಳಿದ್ದ ಡಿಸ್ಕು ಇದ್ದಲ್ಲೇ ಇತ್ತು. ಹೀಗಾಗಿ ಕಂಪ್ಯೂಟರಿನ ಅರ್ಧ ಭಾಗಕ್ಕೆ ಇವತ್ತು ಶುಕ್ರವಾರ, ಇನ್ನರ್ಧಕ್ಕೆ ಹೋದ ಮಂಗಳವಾರ.

ನಾನು ಹೋಗುವಷ್ಟರಲ್ಲಿ ರಿಸೆಪ್ಶನ್ನಿನಲ್ಲಿ ಜಾತ್ರೆ. ದಾವಣಗೆರೆಯಿಂದ ಬಂದ ಒಂದು ಕುಟುಂಬಕ್ಕೆ ಖಾಲಿ ರೂಮು ಅಂತ ಬೀಗದ ಕೈ ಕೊಟ್ಟಿದ್ದರು. ಅವರು ಟ್ರಂಕು, ಬುಟ್ಟಿ, ಮಕ್ಕಳ ಸಮೇತ ಬಾಗಿಲು ತೆಗೆದರೆ ಒಳಗೆ ಒಬ್ಬ ಬಿಳಿ ಗಡ್ಡದ ವಿದೇಶಿ ಲುಂಗಿ ಉಟ್ಟು ಧ್ಯಾನಕ್ಕೆ ಕೂತಿದ್ದಾನೆ. ಪಾಪ, ಅವನನ್ನೂ ಎಬ್ಬಿಸಿ ಕೌಂಟರಿಗೆ ಕರೆತಂದಿದ್ದರು.

ಕೌಂಟರಿನ ಹುಡುಗಿ ಅಳುವ ಹಾಗಾಗಿದ್ದಳು. "ಮೇಡಂ, ಇವರು ಇಲ್ಲೇ ಅದಾರ. ಆದ್ರ ಸಿಸ್ಟಮ್‌ನಾಗ ಇವರು ಬಂದೇ ಇಲ್ಲ!"

ಬಾಮೈದ ಆಗಲೇ ಸಾಫ್ಟ್‌ವೇರ್ ಮಾರಿದವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ್ದ. ಆ ಕಡೆಯ ದನಿ ಹೇಳುತ್ತಿತ್ತು: "ನಮ್ಮ ಸಾಫ್ಟ್‌ವೇರ್ ಪರ್ಫೆಕ್ಟ್ ಇದೆ. ನಿಮ್ಮ ಸರ್ವರ್ ನೋಡ್ಕೊಳ್ಳೋರ ತಪ್ಪು."

"ಆ ಸರ್ವರ್ ನೋಡ್ಕೊಳ್ಳೋಳು ನಾನೇ," ಅಂದೆ ಫೋನಿನ ಹತ್ತಿರ ಬಗ್ಗಿ. "ಇಲ್ಲೇ ನಿಂತೀನಿ. ತಲಿ ಮಂಗಳವಾರದಾಗ ಐತಿ, ಹೊಟ್ಟಿ ಶುಕ್ರವಾರದಾಗ ಐತಿ. ಇದು ಸರ್ವರಿನ ತಪ್ಪಲ್ಲ, ಸರ್ವರನ್ನ ಹರಿದು ಎರಡು ಮಾಡಿದವರ ತಪ್ಪು. ನನ್ನ ಹೆಸರಿಗೆ ಹಚ್ಚಬ್ಯಾಡ್ರಿ, ನಾ ಹಚ್ಚಿಸ್ಕೊಳ್ಳಂಗಿಲ್ಲ."

ಆ ಕಡೆ ಫೋನು ಕಟ್ಟಾಯಿತು. ಬಾಮೈದ ಬಾಳೆತೋಟ ನೋಡಲು ಹೋದ.

ಸ್ನ್ಯಾಪ್‌ಶಾಟನ್ನೇ ನಂಬಿ ಕೂರುವವಳು ನಾನಲ್ಲ. ಬೇರೆ ಪೆಟ್ಟಿಗೆಯಲ್ಲಿ ದಿನಾ ಒಂದು ಪೂರ್ತಿ ಪ್ರತಿ ತೆಗೆದಿಡುತ್ತಿದ್ದೆ. ಅವತ್ತು ಮುಂಜಾನೆಯ ಪ್ರತಿ ತಂದು ಎರಡೂ ಡಿಸ್ಕಿಗೆ ಒಟ್ಟಿಗೇ ಹಾಕಲು ಕೂತೆ. ವಿದೇಶಿಯವನಿಗೆ ಒಂದು ಲೋಟ ಚಹಾ ತರಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಹೆಸರು ವಾಪಸ್ ಬರುತ್ತೆ ಅಂದೆ.

ಅವನಿಗೆ ಏನೂ ಬೇಸರವಿರಲಿಲ್ಲ. ಮುಖ ಬೆಳಗುತ್ತಿತ್ತು. "ಅವಸರ ಮಾಡಬೇಡಿ," ಅಂದ. "ನಾನು ಯಾರು ಅಂತ ತಿಳಿದುಕೊಳ್ಳೋಕೆ ದೇಶ ದೇಶ ಅಲೆದೆ. ಗುರುಗಳ ಕಾಲು ಹಿಡಿದೆ. ಯಾರೂ ನೇರ ಉತ್ತರ ಕೊಡಲಿಲ್ಲ. ಇವತ್ತು ಈ ಹುಡುಗಿ ಕಂಪ್ಯೂಟರ್ ನೋಡಿ ಹೇಳೇಬಿಟ್ಟಳು, ನಾನು ಇಲ್ಲವೇ ಇಲ್ಲ ಅಂತ."

೫. ಎಲ್ಲರೂ ಅಂದ್ರ ಯಾರು?

ಹೊಸಪೇಟೆಯ ಹೊರಗಿನ ಒಂದು ಕಬ್ಬಿಣದ ಕಾರ್ಖಾನೆ. ಅಲ್ಲಿ ಕಾರ್ಮಿಕರ ಹಾಜರಿ, ಪಗಾರ ಎಲ್ಲಾ ಒಂದೇ ವರ್ಚುವಲ್ ಮಷೀನಿನಲ್ಲಿ. ಅದಕ್ಕೆ ಮೂರು ಡಿಸ್ಕು. ಮೂರನೆಯ ಡಿಸ್ಕಿನಲ್ಲಿ ಆಫೀಸಿನ ಎಲ್ಲ ಫೈಲುಗಳು. ಯಾರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಏನೂ ಇಟ್ಟುಕೊಳ್ಳಬಾರದು, ಎಲ್ಲ ಸರ್ವರಿನಲ್ಲೇ ಇಡಬೇಕು ಅಂತ ಆಡಳಿತದ ಮ್ಯಾನೇಜರು ಕಟ್ಟುನಿಟ್ಟು ಮಾಡಿದ್ದರು.

ಪಗಾರದ ಸಾಫ್ಟ್‌ವೇರನ್ನು ಹೊಸದು ಮಾಡಲು ಬೆಂಗಳೂರಿನಿಂದ ಒಬ್ಬ ಸಲಹೆಗಾರ ಬಂದ. ಬಂದದ್ದು ಪಗಾರದ ಹಿಂದಿನ ದಿನ. ಸಂಜೆಯ ರೈಲಿಗೆ ಅವನಿಗೆ ವಾಪಸ್ ಹೋಗಬೇಕು.

"ಮೊದಲನೇ ಡಿಸ್ಕಿನ ಸ್ನ್ಯಾಪ್‌ಶಾಟ್ ಸಾಕು," ಅಂದ. "ಉಳಿದೆರಡು ದೊಡ್ಡವು. ಸುಮ್ನೆ ಯಾಕೆ ಜಾಗ ತುಂಬಿಸೋದು?"

"ಮೂರೂ ಒಟ್ಟಿಗೆ ಆಗಬೇಕು," ಅಂದೆ. "ಕೆಟ್ರ ಸಾಫ್ಟ್‌ವೇರ್ ಒಂದ ವಾಪಸ್ ಬರ್ತೈತಿ, ಹಾಜರಿ ಬರಂಗಿಲ್ಲ. ನಾಳೆ ಪಗಾರ ಐತಿ."

"ಕೆಡಲ್ಲ ಮೇಡಂ. ನಾನು ಎಷ್ಟೋ ಕಡೆ ಮಾಡಿದೀನಿ."

ಮ್ಯಾನೇಜರು ಬೆಂಗಳೂರಿನ ಕಡೆಗೇ ವಾಲಿದರು. "ಅವರು ಹೇಳಿದಂಗ ಮಾಡ್ರಿ."

"ಮಾಡಂಗಿಲ್ಲ ಸರ್."

ಆ ಕಾರ್ಖಾನೆಯಲ್ಲಿ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ ಅನ್ನಿಸುತ್ತೆ. ಅವರು ಕೈ ಚಾಚಿದರು. "ಸರ್ವರ್ ರೂಮಿನ ಕೀಲಿ ಕೊಡ್ರಿ."

"ಮೂರೂ ಡಿಸ್ಕಿಂದು ಆದ ಮ್ಯಾಲ ಕೊಡ್ತೀನಿ."

ಹೇಳಿದವಳೇ ಒಂದು ಕುರ್ಚಿ ಎಳೆದು ಸರ್ವರ್ ರೂಮಿನ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತೆ. ಅಂಜಿಕೆ ಕಾಣಬಾರದು ಅಂತ ಊಟದ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುರಿಯಲು ಶುರು ಮಾಡಿದೆ. ಕಟಕ್ ಕಟಕ್ ಅಂತ ರೊಟ್ಟಿ ಸದ್ದು, ಶೇಂಗಾ ಚಟ್ನಿಯ ವಾಸನೆ. ಮ್ಯಾನೇಜರು ಕುದಿಯುತ್ತಾ ನಿಂತರು. ಸಲಹೆಗಾರ ಗಡಿಯಾರ ನೋಡಿದ, ರೊಟ್ಟಿ ನೋಡಿದ, ಮತ್ತೆ ಗಡಿಯಾರ ನೋಡಿದ.

"ಮಾಡ್ಲಿ ಬಿಡಿ ಸರ್, ನನಗೆ ಟ್ರೇನಿದೆ," ಅಂದ.

"ಮಾಡ್ರಿ," ಅಂದರು ಮ್ಯಾನೇಜರು ಹಲ್ಲು ಕಚ್ಚಿ. "ಆದ್ರ ಇದಕ್ಕ ನಿಮಗ ಮೆಮೊ ಕೊಡ್ತೀನಿ. ಇವತ್ತೇ ಕೊಡ್ತೀನಿ."

"ಕೊಡ್ರಿ ಸರ್."

ಮಷೀನು ನಿಲ್ಲಿಸಿ, ಮೂರೂ ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದು, ಮತ್ತೆ ಶುರು ಮಾಡಿದೆ. ಆಮೇಲೆ ಇಡೀ ಆಫೀಸಿಗೆ ಕೇಳುವ ಹಾಗೆ ಕೂಗಿ ಹೇಳಿದೆ: "ನಾ ಹೇಳೋತನಾ ಎಲ್ಲರೂ ಸರ್ವರಿನಿಂದ ದೂರ ಇರ್ರಿ. ಯಾರೂ ಏನೂ ಸೇವ್ ಮಾಡಬ್ಯಾಡ್ರಿ. ಹಿಂದಕ್ಕ ಹೋಗೋ ಪ್ರಸಂಗ ಬಂದ್ರ, ಈಗಿಂದ ಬರದದ್ದು ಒಂದಕ್ಷರನೂ ಉಳ್ಯಂಗಿಲ್ಲ."

ಎಲ್ಲರೂ ಕೈ ತೆಗೆದರು. ಮ್ಯಾನೇಜರ ಕ್ಯಾಬಿನ್ನಿನಿಂದ ಮಾತ್ರ ಟಪಟಪ ಟೈಪು ಮಾಡುವ ಸದ್ದು ಬರುತ್ತಲೇ ಇತ್ತು. "ಎಲ್ಲರೂ" ಅನ್ನೋದರಲ್ಲಿ ತಾವು ಬರುವುದಿಲ್ಲ ಅಂತ ಅವರು ತಿಳಿದಿದ್ದರು. ಸಿಟ್ಟಿನ ಟೈಪಿಂಗೇ ಬೇರೆ. ಗಾಜಿನ ಬಾಗಿಲು ಅದುರುತ್ತಿತ್ತು. ದೊಡ್ಡ ಮೆಮೊನೇ ಇರಬೇಕು ಅಂದುಕೊಂಡೆ.

ಇತ್ತ ಸಲಹೆಗಾರ ಹೊಸ ಸಾಫ್ಟ್‌ವೇರ್ ಹಾಕಿ ಮುಗಿಸಿದ. ತೆರೆದು ನೋಡಿದೆವು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಒಬ್ಬರ ಹಾಜರಿಯೂ ಇಲ್ಲ. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದೇ ಮಾತು: ನಿವೃತ್ತ. ನಿನ್ನೆ ಸೇರಿದವನೂ ನಿವೃತ್ತ, ಗೇಟಿನ ಕಾವಲುಗಾರನೂ ನಿವೃತ್ತ. ಮ್ಯಾನೇಜರ ಹೆಸರು ಹುಡುಕಿದೆ. ಅವರೂ ನಿವೃತ್ತ.

ಮ್ಯಾನೇಜರು ಓಡಿ ಬಂದರು. ಪರದೆ ನೋಡಿ ಅವರ ದನಿಯೇ ಇಳಿಯಿತು. "ಮೇಡಂ, ನಾಳೆ ಗೇಟಿನಾಗ ಎಲ್ಲಾರೂ ನಿಂತಿರ್ತಾರ. ಪಗಾರ ಇಲ್ಲ ಅಂದ್ರ ನನ್ನ ಸುಮ್ಮನ ಬಿಡ್ತಾರೇನು? ಏನಾರ ಮಾಡ್ರಿ."

"ಹಿಂದಕ್ಕ ಹೋಗೂಣಾ?"

"ಹೋಗ್ರಿ! ಜಲ್ದಿ ಹೋಗ್ರಿ!"

"ಮೂರೂ ಡಿಸ್ಕು?"

"ಮೂರೂ, ಮೇಡಂ, ಮೂರೂ! ಒಂದನ್ನೂ ಬಿಡಬ್ಯಾಡ್ರಿ!"

ಹಿಂದಕ್ಕೆ ಹೋದೆ. ಕಾರ್ಖಾನೆಯ ಅಷ್ಟೂ ಜನ ನಿವೃತ್ತಿಯಿಂದ ಎದ್ದು ಬಂದರು. ಹಾಜರಿ ಬಂತು, ಪಗಾರ ಬಂತು. ಮ್ಯಾನೇಜರು ಹಣೆ ಒರೆಸಿಕೊಂಡು ನನಗೆ ತಾವೇ ಚಹಾ ಬಗ್ಗಿಸಿ ಕೊಟ್ಟರು. ಸಲಹೆಗಾರನಿಗೂ ಕೊಟ್ಟರು, ಆದರೆ ಅವನ ಲೋಟಕ್ಕೆ ಅರ್ಧವೇ. ಆಮೇಲೆ ತಮ್ಮ ಕ್ಯಾಬಿನ್ನಿಗೆ ಹೋದರು. ಸ್ವಲ್ಪ ಹೊತ್ತು ಬರೀ ಮೌಸಿನ ಸದ್ದು. ಹೊರಗೆ ತಲೆ ಹಾಕಿದರು.

"ಮೇಡಂ, ನನ್ನದೊಂದು ಫೈಲ್ ಕಾಣವಲ್ದು."

"ಯಾವಾಗ ಮಾಡಿದ್ದು ಸರ್?"

"ಈಗ… ಸ್ವಲ್ಪ ಹೊತ್ತಿನ ಹಿಂದ."

"ಹೆಸರೇನಿತ್ತು ಸರ್? ಹುಡುಕ್ತೀನಿ."

ಅವರು ಚಾವಣಿ ನೋಡಿದರು, ನೆಲ ನೋಡಿದರು. ಕಡೆಗೆ ಬಹಳ ಸಣ್ಣ ದನಿಯಲ್ಲಿ, "ನಿಮ್ಮ ಹೆಸರೇ," ಅಂದರು.

ನಾನು ಚಹಾ ಲೋಟ ಬಾಯಿಗೆ ಅಡ್ಡ ಹಿಡಿದುಕೊಂಡೆ. ಇಡೀ ಆಫೀಸು ಕೆಲಸ ಮಾಡುವ ಹಾಗೆ ತಲೆ ತಗ್ಗಿಸಿತ್ತು. ಭುಜಗಳು ಮಾತ್ರ ಕುಣಿಯುತ್ತಿದ್ದವು. ಮಾತಾಡಿದ್ದು ಸಲಹೆಗಾರನೊಬ್ಬನೇ. ಇಡೀ ದಿನದಲ್ಲಿ ತನ್ನದೊಂದು ಮಾತು ಸರಿಹೋಯಿತು ಅನ್ನೋ ಖುಷಿಯಲ್ಲಿ ಪಾಪ, ಕುರ್ಚಿಯಿಂದ ಎದ್ದೇ ನಿಂತ.

"ನೋಡಿದ್ರಾ ಸರ್? ನಾನು ಹೇಳಿದ ಹಾಗೆ ಒಂದೇ ಡಿಸ್ಕಿಂದು ತೆಗೆದಿದ್ರೆ, ಪಗಾರ ಹೋಗ್ತಿತ್ತು ಅಷ್ಟೇ. ನಿಮ್ಮ ಮೆಮೊ ಉಳೀತಿತ್ತು!"